ನೇರಳೆ ಬಣ್ಣದ ಗೋಡೆ ಬೀರು

ಮಡಿಕೇರಿಯ ಆ ಬಾಡಿಗೆ ಮನೆಯಲ್ಲಿ ಎಷ್ಟು ಸಲ ಸುಣ್ಣ ಬಳಿದರೂ ಮಲಗೋ ಕೋಣೆಯ ಗೋಡೆ ಬೀರುವಿನ ಒಳಗಿನ ನೇರಳೆ ಬಣ್ಣ ಪೂರ್ತಿ ಹೋಗಲಿಲ್ಲ. ನಾವು ಮನೆ ಬಿಡುವಾಗಲೂ ಮೇಲಿನ ಹಲಗೆಯ ಹಿಂದೆ ಅಂಗೈಯಗಲ ಉಳಿದಿತ್ತು. ನಾವು ಬಿಟ್ಟ ಮೇಲೆ ಬಂದವರು ಅದನ್ನು ಏನಂದುಕೊಂಡರೋ ಗೊತ್ತಿಲ್ಲ. ಅದು ನಮ್ಮತ್ತೆ ಬಳಿದ ಪಾಯಸ. ಪಾಯಸ ಅಂದರೆ ಪಾಯಸವೇ ಅಲ್ಲ, ಪಾಯಸಕ್ಕೆ ಹಾಕೋ ಸೊಪ್ಪಿನ ರಸ. ಹೇಳ್ತೀನಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಕಾಲ. ನನ್ನ ತವರು ಕುಶಾಲನಗರದ ಕಡೆ. ಹಾಸನದಿಂದ ಬಂದು ಅಲ್ಲಿ ಹೊಲ ಹಿಡಿದ ಗೌಡರು ನಾವು. ನಮ್ಮಲ್ಲಿ ಮಳೆ ಅಂದರೆ ತಲೆ ಎತ್ತಿ ಕಾಯಬೇಕಾದ ವಸ್ತು. ನಮ್ಮೆಜಮಾನರು ಭಾಗಮಂಡಲದ ಕಡೆಯ ಅರೆಭಾಷೆ ಗೌಡರು, ಮಡಿಕೇರಿಯಲ್ಲಿ ಬಸ್ ಡ್ರೈವರ್. ಅವರೂ ಗೌಡರು ನಾವೂ ಗೌಡರು ಅಂತ ಹಿರಿಯರು ಸಂಬಂಧ ಕೂಡಿಸಿದರು. ಆ ಹೆಸರು ಬಿಟ್ಟರೆ ಬೇರೇನೂ ಕೂಡಿರಲಿಲ್ಲ. ನಮಗೆ ಮುದ್ದೆ, ಅವರಿಗೆ ಅಕ್ಕಿ ರೊಟ್ಟಿ. ಅವರು ಹಂದಿ ಮಾಂಸ ಅಂದರೆ ಬಾಯಿ ಬಿಡೋರು, ನಾನು ಮೂಗು ಮುಚ್ಚೋಳು. ಮಾತೂ ಬೇರೆ. ಅತ್ತೆಯ ಮಾತನ್ನು ಅವರು ಆಡಿದ ಹಾಗೇ ಬರೆಯೋಕೆ ನನಗೆ ಬರಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅಲ್ಲೊಂದು ಇಲ್ಲೊಂದು ಅವರ ಪದ ಇಟ್ಟು ಉಳಿದದ್ದನ್ನು ನನ್ನ ಮಾತಲ್ಲಿ ಬರೀತೀನಿ. ಉಂಟು ಅನ್ನೋದಕ್ಕೆ ಅವರು 'ಉಟ್ಟು' ಅನ್ನೋರು. ನನ್ನನ್ನು ಅವರು ಕರೀತಿದ್ದದ್ದು 'ಗೂಡೆ' ಅಂತ. ಹುಡುಗಿ ಅಂತ ಅರ್ಥ. ಮೊದಮೊದಲು ಬೈತಿದ್ದಾರೆ ಅಂತಲೇ ತಿಳಿದಿದ್ದೆ. ಎಷ್ಟೋ ಸಲ ಬೈತಾನೇ ಇದ್ದರು, ಅದು ಬೇರೆ.

ಮನೆ ರಸ್ತೆಯಿಂದ ಕೆಳಗೆ, ಗುಡ್ಡ ಕಡಿದು ಮಾಡಿದ ಜಾಗದಲ್ಲಿ. ಎರಡು ಕೋಣೆ, ಒಂದು ಅಡಿಗೆಮನೆ, ಬಚ್ಚಲು. ಗುಡ್ಡ ಕಡಿದಾಗ ಹಿಂದೆ ಉಳಿಯುತ್ತಲ್ಲ ಮಣ್ಣಿನ ಗೋಡೆ, ಅದಕ್ಕೆ ಅಲ್ಲಿ ಬರೆ ಅಂತಾರೆ. ಮಲಗೋ ಕೋಣೆಯ ಹಿಂಗೋಡೆಗೂ ಬರೆಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳೋ ಅಷ್ಟು ಸಂದಿ. ಆ ಹಿಂಗೋಡೆಯೊಳಗೇ ಬೀರು ಕೊರೆದಿದ್ದರು. ಹಲಸಿನ ಮರದ ಬಾಗಿಲು, ಮೂರು ಹಲಗೆ. ಮದುವೆಯಾಗಿ ಬಂದಾಗ ಅದನ್ನು ನೋಡಿ ನನಗೆ ಬಹಳ ಖುಷಿಯಾಗಿತ್ತು. ನಮ್ಮನೇಲಿ ಬಟ್ಟೆ ಇಡೋಕೆ ಹಗ್ಗ ಬಿಟ್ಟರೆ ಒಂದು ತಗಡಿನ ಪೆಟ್ಟಿಗೆ.

ಮೊದಲ ಮಳೆಗಾಲಕ್ಕೇ ಖುಷಿ ಇಳಿಯಿತು. ಮಡಿಕೇರಿಯ ಮಳೆ ಆಕಾಶದಲ್ಲಿ ಇರೋದಲ್ಲ, ನಿಮ್ಮ ಜೊತೆ ಮನೆ ಒಳಗೇ ಬಿಡಾರ ಹೂಡೋದು. ಉಪ್ಪು ನೀರಾಗ್ತದೆ, ಬೆಂಕಿಕಡ್ಡಿ ಗೀರಿದರೆ ತಲೆ ಉದುರ್ತದೆ, ಚಾಪೆ ತಣ್ಣಗೆ ಹಾವಿನ ಮೈ ಮುಟ್ಟಿದ ಹಾಗೆ. ಬೀರು ತೆಗೆದರೆ ಗಪ್ಪಂತ ಹಳೇ ಬಾವಿಯ ವಾಸನೆ. ಚಪ್ಪಲಿ ಮೇಲೆ ಹಸಿರು ಬೂಷ್ಟು, ಬೆಲ್ಟಿನ ಮೇಲೆ ಬಿಳೀದು, ಸೀರೆ ಮಡಿಕೆಯಲ್ಲಿ ಕರಿ ಚುಕ್ಕೆ. ನಮ್ಮೆಜಮಾನರ ಮದುವೆ ಕೋಟಿಗೆ ಗಡ್ಡ ಬಂದಿತ್ತು. ನಾನು ಒರೆಸಿ ಒಲೆ ಮುಂದೆ ಹಿಡಿದು ಮತ್ತೆ ಒಳಗಿಟ್ಟರೆ ವಾರದೊಳಗೆ ಮತ್ತೆ ಗಡ್ಡ.

"ಒರೆಸು ಗೂಡೆ, ಒರೆಸು," ಅಂತ ಅತ್ತೆ ಅಡಿಗೆಮನೆಯಿಂದ ನಗೋರು. "ನಿಂಗೆ ಬೇರೆ ಕೆಲಸ ಇಲ್ಲೆ. ಮಳೆ ಜೊತೆ ಬಂದದ್ದು ಮಳೆ ಜೊತೆಗೇ ಹೋಗ್ತದೆ."

ಅತ್ತೆಗೆ ಬೂಷ್ಟು ಕಣ್ಣಿಗೇ ಬೀಳ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದರಲ್ಲ. ಅವರ ಊರಿನ ಮನೆಯಲ್ಲಿ ಬಟ್ಟೆಬರೆ, ಬೀಜ, ಉಪ್ಪಿನಕಾಯಿ, ಎಲ್ಲವೂ ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದುಕೊಂಡು ಬೆಚ್ಚಗಿರುತ್ತಿದ್ದವು. ಮಡಿಕೇರಿ ಮನೆಗೆ ಅಂಥ ಅಟ್ಟ ಇರಲಿಲ್ಲ. ಇದ್ದದ್ದು ಈ ಬೀರು ಒಂದೇ.

ನಾನೂ ಒಂದೆರಡು ವರ್ಷ ಸುಮ್ಮನಿದ್ದೆ. ಸೀರೆ ಹೋದರೆ ಸೀರೆ. ಆದರೆ ಮಗಳಿಗೆ ಎರಡು ತುಂಬಿದ ವರ್ಷ ಮಳೆ ಹಿಡಿಯುತ್ತಿದ್ದ ಹಾಗೇ ಅವಳಿಗೆ ದಮ್ಮು ಶುರುವಾಯಿತು. ಉಸಿರೆಳೆದರೆ ಎದೆಯೊಳಗೆ ಬೆಕ್ಕಿನ ಮರಿ ಕೂತ ಹಾಗೆ ಕುಂಯ್ ಕುಂಯ್ ಅನ್ನೋದು. ಕೂತರೆ ಸ್ವಲ್ಪ ವಾಸಿ, ಮಲಗಿಸಿದರೆ ಜಾಸ್ತಿ. ಅವಳ ಹಾಸಿಗೆ ಇದ್ದದ್ದು ಬೀರುವಿನ ಪಕ್ಕಕ್ಕೇ. ಬೇರೆ ಕಡೆ ಮಲಗಿಸೋಣ ಅಂದರೆ ಮುಂದಿನ ಕೋಣೆಯಲ್ಲಿ ಬಾಗಿಲ ಸಂದಿಯಿಂದ ಎರಚಲು, ಅಡಿಗೆಮನೆಯಲ್ಲಿ ಹಸಿ ಸೌದೆಯ ಹೊಗೆ.

ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರು ಬಯಲುಸೀಮೆಯಿಂದ ವರ್ಗವಾಗಿ ಬಂದವರು, ಒಂದರ ಮೇಲೊಂದು ಸ್ವೆಟರ್ ಹಾಕಿ ನಡುಗುತ್ತಾ ಕೂತಿದ್ದರು. ಮಗಳ ಎದೆ ನೋಡಿದರು, ಬೆನ್ನು ನೋಡಿದರು, ಆಮೇಲೆ ಅವಳಿಗೆ ಸುತ್ತಿದ್ದ ಹೊದಿಕೆಯನ್ನು ಮೂಗಿಗೆ ಹಿಡಿದರು.

"ಇದನ್ನ ಎಲ್ಲಿ ಇಡ್ತೀರಮ್ಮ?"

"ಬೀರುವಿನಲ್ಲಿ."

"ಬೀರು ಎಲ್ಲಿದೆ?"

"ಮಗು ಮಲಗೋ ಕಡೆಯೇ."

"ಆ ಬೂಷ್ಟು ಮನೆ ಬಿಟ್ಟು ಹೋಗಬೇಕು, ಇಲ್ಲ ಮಗು ಮನೆ ಬಿಟ್ಟು ಹೋಗಬೇಕು. ಔಷಧಿ ಕೊಡ್ತೀನಿ, ಆದರೆ ಔಷಧಿ ಒಂದರಿಂದಲೇ ಆಗಲ್ಲ. ಮಳೆಗಾಲ ಕಳೆಯೋ ತನಕ ಒಣ ಜಾಗಕ್ಕೆ ಕಳಿಸೋಕೆ ನೆಂಟರು ಯಾರಾದರೂ ಇದ್ದಾರಾ?"

ಇದ್ದರು. ನಮ್ಮವ್ವನ ಮನೆ. ಕುಶಾಲನಗರದ ಕಡೆ ಆಗಲೂ ಬಿಸಿಲು ಇರ್ತಿತ್ತು. ಆದರೆ ನಾನು ಜೊತೆಗೆ ಹೋಗೋ ಹಾಗಿರಲಿಲ್ಲ. ಹೊಟ್ಟೆಯಲ್ಲಿ ಇನ್ನೊಂದಿತ್ತು. ನಡುವೆ ಒಂದು ಬಸಿರು ನಿಂತಿರಲಿಲ್ಲ, ಹಾಗಾಗಿ ಈ ಸಲ ಘಾಟಿ ಇಳಿಯೋ ಬಸ್ಸು ಹತ್ತಲೇಬೇಡಿ ಅಂತ ಅದೇ ಡಾಕ್ಟರೇ ಹೇಳಿದ್ದರು.

ಮನೆಗೆ ಬಂದು ಹೇಳಿದೆ. ನಮ್ಮೆಜಮಾನರು ಯೋಚನೆ ಮಾಡಿ ತೀರ್ಮಾನ ಕೊಟ್ಟರು. "ಗೌರಿ ಹಬ್ಬಕ್ಕೆ ನಿಮ್ಮಣ್ಣ ಬಾಗಿನ ತಗೊಂಡು ಬರ್ತಾನಲ್ಲ. ಅಷ್ಟರೊಳಗೆ ದಮ್ಮು ನಿಲ್ಲದಿದ್ದರೆ ಮಗೂನ ಅವನ ಜೊತೆ ಕಳಿಸೋದು. ಮಳೆ ನಿಂತ ಮೇಲೆ ಕರ್ಕೊಂಡು ಬರೋಣ."

"ಮುಂದಿನ ವರ್ಷ ಮಳೆ ಬರಲ್ವಾ?"

"ಬರ್ತದೆ."

"ಅದರ ಮುಂದಿನ ವರ್ಷ?"

"ನೀನು ಸುಮ್ಮನೆ ವಾದ ಮಾಡ್ತೀಯ," ಅಂತ ಟೋಪಿ ಹಾಕ್ಕೊಂಡು ಡ್ಯೂಟಿಗೆ ಹೋದರು.

ನಾನು ವಾದ ಮಾಡಿದ್ದಕ್ಕೆ ಕಾರಣ ಇತ್ತು. ನನ್ನನ್ನೂ ಹಾಗೇ ಅಜ್ಜಿ ಮನೆಯಲ್ಲಿ ಬಿಟ್ಟಿದ್ದರು. ನನ್ನ ಹಿಂದೆ ತಮ್ಮ ಹುಟ್ಟಿದ, ಅವ್ವನಿಗೆ ಹುಷಾರಿರಲಿಲ್ಲ, ಸ್ವಲ್ಪ ದಿನ ಇರಲಿ ಅಂತ ಬಿಟ್ಟರು. ಸ್ವಲ್ಪ ದಿನ ಬೆಳೆದು ವರ್ಷಗಳಾದವು. ಕೊನೆಗೆ ಅವ್ವ ಕರ್ಕೊಂಡು ಹೋಗೋಕೆ ಬಂದಾಗ ನಾನು ಬಾಗಿಲ ಹಿಂದೆ ನಿಂತು ಅಜ್ಜಿಯನ್ನು ಕೇಳಿದೆನಂತೆ, "ಆಯಮ್ಮ ಊಟ ಮಾಡ್ಕೊಂಡು ಹೋಗ್ತಾಳಾ?" ಅಂತ. ಅವ್ವ ಇದನ್ನು ಕಂಡಕಂಡವರಿಗೆಲ್ಲ ನಗಾಡಿಕೊಂಡು ಹೇಳ್ತಿದ್ದಳು. ನನಗೆ ಒಂದು ಸಲವೂ ನಗು ಬರಲಿಲ್ಲ. ಅವ್ವನಿಗೂ ಬರ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನನ್ನ ಮಗಳು ನನ್ನನ್ನು ನೋಡಿ ಹಾಗೆ ಕೇಳೋದು ನನಗೆ ಬೇಕಿರಲಿಲ್ಲ. ಅಷ್ಟೇ ವಿಷಯ.

ಹಾಗಾಗಿ ಬೀರುವಿನ ಮೇಲೆ ಬಿದ್ದೆ. ಹೆಂಚು ಒಡೆದು ಸೋರ್ತಿದೆ ಅಂತ ಎಲ್ಲರ ಲೆಕ್ಕ. ನಮ್ಮೆಜಮಾನರು ರಜಾ ಹಾಕಿ ಮಾಡು ಹತ್ತಿ ಅನುಮಾನ ಬಂದ ಹೆಂಚೆಲ್ಲ ಬದಲಾಯಿಸಿದರು. ಬೀರು ಮಾತ್ರ ಹಾಗೇ ಬೆವರುತ್ತಿತ್ತು. ಮನೆ ಓನರ್ ಒಬ್ಬರು ಮಲಯಾಳಿ ಸಾಬರು, ಕಾಕ ಅಂತ ಕರೀತಿದ್ದೆವು, ಕಣ್ಣೂರು ಕಡೆಯಿಂದ ಬಂದು ಅಂಗಡಿ ಇಟ್ಟವರು. ಗೋಡೆ ಒಡೆಸಿ ಕಲ್ಲು ಕಟ್ಟಿಸಿಕೊಡಿ ಅಂತ ಹೋಗಿ ಕೇಳಿದೆ.

"ಅದು ಬೇಡ ಮೋಳೆ," ಅಂದರು, ಮಗಳೇ ಅನ್ನೋ ಹಾಗೆ. "ಹಿಂದೆ ಬರೆ ಉಂಟು. ಈ ಮಳೆಯಲ್ಲಿ ಗೋಡೆ ಬಿಚ್ಚಿದ್ರೆ ಬರೆನೇ ಬಂದು ನಿಮ್ಮ ಹಾಸಿಗೇಲಿ ಮಲಗ್ತದೆ, ಕೇಟ್ಟೋ? ಮಳೆ ಹೋಗಲಿ, ಮಾಡಿಕೊಡ್ತೇನೆ."

ಎಲ್ಲರಿಗೂ ಮಳೆ ಹೋಗಬೇಕಿತ್ತು. ಹಬ್ಬ ಬರೋದು ಮಳೆ ಹೋಗೋಕೆ ಮುಂಚೆ.

ಬಟ್ಟೆಯನ್ನೆಲ್ಲ ಬಚ್ಚಲ ಹಂಡೆಗೆ ಹಾಕಿ ಕುದಿಸಿದೆ. ಹಲಗೆ ಉಜ್ಜಿದೆ. ಬೇವಿನ ಸೊಪ್ಪು ಸಿಗದೆ ಅಣ್ಣನಿಗೆ ಹೇಳಿಕಳಿಸಿ ಬಸ್ಸಲ್ಲಿ ತರಿಸಿ ತುಂಬಿದೆ. ಬೇವಿನ ಸೊಪ್ಪಿಗೂ ಬೂಷ್ಟು ಬಂತು. ಅತ್ತೆ ಅದನ್ನು ಎತ್ತಿ ಹಿಡಿದು, "ನಿಮ್ಮೂರಿನ ಮದ್ದು ನಮ್ಮೂರಿಗೆ ಬಂದು ತಾನೇ ಶೀತ ಹಿಡಿಸಿಕೊಂಡಿತಲ್ಲ," ಅಂದರು. ನಗಬಾರದು ಅಂತಿದ್ದೆ, ನಕ್ಕೆ.

ಇಷ್ಟು ಹೊತ್ತಿಗೆ ಕಕ್ಕಡ ಬಂದಿತ್ತು. ಕಕ್ಕಡ ಅಂದರೆ ಆಟಿ ತಿಂಗಳು, ಮಳೆ ತನ್ನ ಪೂರ್ತಿ ಶಕ್ತಿ ತೋರಿಸೋ ಕಾಲ. ಆ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪು ಅಂತ ಒಂದು ಗಿಡ ತರ್ತಾರೆ. ಅವತ್ತು ಅದರಲ್ಲಿ ಹದಿನೆಂಟು ಮದ್ದು ಸೇರಿರ್ತದಂತೆ. ಬೇಯಿಸಿದರೆ ನೀರು ಕಡು ನೇರಳೆ. ಆ ನೀರಿಗೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ. ಕೊಡಗಲ್ಲಿ ಹುಟ್ಟಿದವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ಮದುವೆಯಾದ ವರ್ಷ ಎರಡು ಬಟ್ಟಲು ತಿಂದು ಮಾರನೇ ದಿನ ಬೆಳಿಗ್ಗೆ ಉಚ್ಚೆ ಕೆಂಪಗೆ ಹೋದದ್ದು ನೋಡಿ, ನನ್ನ ಕಥೆ ಮುಗಿಯಿತು ಅಂತ ಬಚ್ಚಲಲ್ಲೇ ಕೂತು ಅತ್ತಿದ್ದೆ. ಅತ್ತೆ ಹೊರಗೆ ನಿಂತು, "ಕೆಂಪು ಬಂತಾ? ಹಾಗಾದ್ರೆ ಮದ್ದು ಹಿಡೀತು, ಎದ್ದು ಬಾ," ಅಂದಿದ್ದರು.

ಆ ವರ್ಷದ ಮದ್ದು ಸೊಪ್ಪಿನ ದಿನವೂ ಪಾಯಸ ಆಯಿತು. ಮಗಳಿಗೂ ಒಂದು ಚಮಚ ನೆಕ್ಕಿಸಿದರು. ಮಾರನೇ ದಿನ ನಾನು ಅವಳನ್ನು ಎತ್ತಿಕೊಂಡು ಔಷಧಿಗೆ ಹೋದೆ. ಅತ್ತೆ ಒಬ್ಬರೇ ಮನೆಯಲ್ಲಿದ್ದರು. ವಾಪಸು ಬಂದು ಕೋಣೆಗೆ ಹೋದರೆ ಒಂದು ಥರ ಘಮ. ಬೀರು ತೆಗೆದೆ. ಮೇಲಿಂದ ಕೆಳಗಿನ ತನಕ ಒಳಗೆಲ್ಲ ಜಂಬುನೇರಳೆ ಹಣ್ಣು ಒಡೆದ ಹಾಗೆ ಬಣ್ಣ.

"ಅತ್ತೇ! ಎಂಥದು ಇದು?"

ಸೆರಗಿಗೆ ಕೈ ಒರೆಸುತ್ತಾ ಬಂದರು. ಮೊಣಕೈ ತನಕ ನೇರಳೆ. ಮುಖದಲ್ಲಿ ಎಂಥ ಸಮಾಧಾನ ಅಂತೀರಿ.

"ಉಳಿದ ಸೊಪ್ಪನ್ನ ಇನ್ನೊಂದು ಸಲ ಬೇಯಿಸಿ ಗಟ್ಟಿ ರಸ ತೆಗೆದು ಬಳಿದೆ. ಮನುಷ್ಯರ ಹೊಟ್ಟೆಗೆ ಹದಿನೆಂಟು ಮದ್ದು ಉಟ್ಟು ಅಂದ ಮೇಲೆ ಗೋಡೆಗೆ ಒಂದಾದರೂ ಹಿಡಿಯೋದಿಲ್ವಾ?"

"ಗೋಡೆ ಉಚ್ಚೆ ಹೊಯ್ಯುತ್ತಾ ಅತ್ತೆ, ಹಿಡೀತು ಅಂತ ಗೊತ್ತಾಗೋಕೆ?"

"ನಾಲಿಗೆ ಉದ್ದ ನಿಂಗೆ," ಅಂದರು. ಅವರಿಗೆ ಬೇಜಾರಾಗಿದ್ದು ಗೊತ್ತಾಯಿತು. ಮೊಮ್ಮಗಳನ್ನು ಕಳಿಸೋದು ಅವರಿಗೂ ಬೇಕಿರಲಿಲ್ಲ. ಬಾಯಿ ಬಿಟ್ಟು ಹೇಳೋ ಜಾತಿ ಅಲ್ಲ ಅವರು. ನಾನೂ ಅಲ್ಲ.

ಬಳಿದದ್ದು ಒಣಗೋಕೆ ಮುಂಚೆ ಬಟ್ಟೆಯನ್ನೂ ಒಳಗಿಟ್ಟಿದ್ದರು. ನಮ್ಮೆಜಮಾನರ ಖಾಕಿ ಅಂಗಿಯ ಒಂದು ಭುಜ ನೇರಳೆ. ಇದ್ದ ಇನ್ನೊಂದು ಅಂಗಿ ಒದ್ದೆ. ಹಾಗೇ ಹಾಕ್ಕೊಂಡು ಹೋದರು. ಬಸ್ಸಿನ ಕಂಡಕ್ಟರು ಇಡೀ ದಾರಿ, "ಡ್ರೈವರಣ್ಣ, ಯಾವ ಮದುವೇಲಿ ಓಕುಳಿ ಆಡಿದ್ರಿ? ನಮ್ಮನ್ನ ಕರೀಲೇ ಇಲ್ಲ," ಅಂತ ಪ್ರಾಣ ತಿಂದನಂತೆ. ಸಂಜೆ ಬಂದವರು ಬೀರು ತೆಗೆದು ನೋಡಿ, ತಾಯಿ ಮುಖ ನೋಡಿ, ನನ್ನ ಮುಖ ನೋಡಿ, ಕೂತು ಕಾಫಿ ಕುಡಿದರು. ಆಮೇಲೆ ಇಷ್ಟೇ ಹೇಳಿದರು: "ನಿಮ್ಮಣ್ಣನಿಗೆ ಕಾಗದ ಹಾಕ್ತೀನಿ. ಮಗೂಗೆ ದಾರಿಗೆ ಬೆಚ್ಚಗೆ ಹೊದಿಸೋಕೆ ಏನಾದರೂ ತರಲಿ."

ನಾನು ಆ ಅಂಗಿಯನ್ನು ತಗೊಂಡು ಹೋಗಿ ಸೋಪಿನ ನೀರಿಗೆ ಹಾಕಿದೆ.

ಒಂದು ವಾರ ನಾನು ಆ ಬೀರುವಿನ ಕಡೆ ಸರಿಯಾಗಿ ನೋಡಲೂ ಇಲ್ಲ. ಮಗಳನ್ನು ಎದೆಗೆ ಆನಿಸಿಕೊಂಡು ಗೋಡೆಗೆ ಒರಗಿ ಕೂತೇ ನಿದ್ದೆ. ಆಮೇಲೆ ಒಂದು ಮಧ್ಯಾಹ್ನ ಅವಳ ಹೊದಿಕೆ ತೆಗೆಯೋಕೆ ಬಾಗಿಲು ತೆಗೆದೆ. ಆ ಕೋಣೆಗೆ ಹಗಲಲ್ಲೂ ಚಿಮಣಿ ದೀಪ ಬೇಕು. ದೀಪ ಎತ್ತಿ ಹಿಡಿದವಳು ಹಾಗೇ ನಿಂತೆ.

ಮೇಲಿನ ಹಲಗೆಯ ಹಿಂದೆ ಬಣ್ಣ ಒಣಗಿ ನಿಂತಿತ್ತು, ಅತ್ತೆಯ ಬೆರಳ ಗುರುತು ಸಮೇತ. ನಡುವಿನ ಹಲಗೆಯ ಹಿಂದೆ ಅರ್ಧ ಬಣ್ಣ, ಅರ್ಧ ಗೆರೆ ಗೆರೆ. ಕೆಳಗಿನ ಹಲಗೆಯ ಹಿಂದೆ ಬಣ್ಣವೇ ಇಲ್ಲ. ಪಾತ್ರೆ ತೊಳೆದ ಹಾಗೆ ಬಿಳುಚಿ, ಅದರ ಮೇಲೆ ಹೊಸ ಬೂಷ್ಟು ದಪ್ಪಗೆ ಕೂತಿತ್ತು. ಸೊಪ್ಪಿನ ರಸವನ್ನು ಅದು ಹಬ್ಬದೂಟ ಉಂಡ ಹಾಗೆ ಉಂಡಿತ್ತು. ತೊಳೆದು ಹೋದ ನೇರಳೆ ನೀರು ನೆಲದಲ್ಲಿ ಒಂದು ಸಣ್ಣ ಮಡುವಾಗಿ ನಿಂತಿತ್ತು.

ಓದಿದವಳಲ್ಲ ನಾನು. ಆದರೆ ಇದಕ್ಕೆ ಓದು ಬೇಡ. ಹೆಂಚಿನಿಂದ ಸೋರಿದ್ದರೆ ಮೊದಲು ತೊಳೆಯಬೇಕಾದದ್ದು ಮೇಲಿನ ಬಣ್ಣ. ಮೇಲೆ ಒಣಗಿದೆ, ಕೆಳಗೆ ತೊಳೆದಿದೆ. ನೀರು ಬರ್ತಿರೋದು ಕೆಳಗಿನಿಂದ.

"ಅತ್ತೆ, ಇಲ್ಲಿ ಬನ್ನಿ."

"ಮತ್ತೆ ಬೈಯ್ಯೋಕಾ?"

"ಇಲ್ಲ, ನಿಮ್ಮ ಪಾಯಸ ಮಾತಾಡ್ತಿದೆ. ಬಂದು ಕೇಳಿ."

ಬಂದರು, ನೋಡಿದರು. ಬೆರಳಿಟ್ಟು ಕೆಳಗಿನ ಗೋಡೆ ಒತ್ತಿದರು. ಮಣ್ಣಿಟ್ಟಿಗೆಯ ಗೋಡೆ, ಬೆರಳು ಕಡುಬಿನ ಒಳಗೆ ಹೋದ ಹಾಗೆ ಹೋಯಿತು.

"ಹಿಂದೆ ಏನಿದೆ ಅತ್ತೆ?"

"ಬರೆ ಉಟ್ಟು. ಇನ್ನೆಂತ ಇರ್ತದೆ?"

"ಬರೆಗೂ ಗೋಡೆಗೂ ನಡುವೆ?"

ನಾನು ಆ ಮಳೆಗಾಲ ಪೂರ್ತಿ ಹಿಂದಕ್ಕೆ ಹೋಗಿರಲಿಲ್ಲ. ಜಾರ್ತದೆ, ಹೊಟ್ಟೆ ಹೊತ್ತವಳು ಆ ಕಡೆ ಕಾಲಿಡಬೇಡ ಅಂತ ಅತ್ತೆಯೇ ತಡೆದಿದ್ದರು. ದಿನಾ ಅವರೊಬ್ಬರೇ ಹೋಗಿ ಕೆಸುವಿನ ಎಲೆ ಕುಯ್ದು ತಂದು, ಕಾಚಂಪುಳಿ ಅನ್ನೋ ಕಪ್ಪು ಹುಳಿ ಹಾಕಿ ಪಲ್ಯ ಮಾಡೋರು. ಅಂಥ ಎಲೆ ಮಡಿಕೇರಿಯಲ್ಲಿ ಯಾರ ಹಿತ್ತಲಲ್ಲೂ ಇರಲಿಲ್ಲ. ಒಂದೊಂದು ಮೊರದಷ್ಟಗಲ. ಪಕ್ಕದ ಮನೆಯವರು ಕೇಳಿಕೊಂಡು ಬರೋರು, ಅತ್ತೆ ಕೊಡುವಾಗ ಮೈ ತುಂಬ ಹೆಮ್ಮೆ. ಆ ಕೆಸು ಎಲ್ಲಿ ಬೆಳೀತಿತ್ತು ಅಂತ ನಾನು ಕೇಳಿಯೇ ಇರಲಿಲ್ಲ.

ಮಳೆಗೆ ಹೊದೆಯೋ ಎಲೆಯ ಗೊರಬೆ ತಲೆ ಮೇಲೆ ಹಾಕ್ಕೊಂಡು ಗೋಡೆ ಹಿಡಿದು ಹಿಂದಕ್ಕೆ ಹೊರಟೆ. ಅತ್ತೆ ಹಿಂದಿನಿಂದ, "ಗೂಡೆ, ಬೀಳ್ತೀಯ, ನಿಲ್ಲು, ನಾನು ಬರ್ತೇನೆ," ಅಂತ ಕೂಗಿಕೊಂಡು ಬಂದರು. ಸಂದಿಯ ಬಾಯಲ್ಲೇ ನಿಂತೆ, ಒಳಗೆ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ.

ಸಂದಿಯ ಉದ್ದಕ್ಕೂ ಕೆಸು. ಊರಿನಿಂದ ಗೆಡ್ಡೆ ತಂದು, ಒಲೆ ಬೂದಿ, ಕಸ, ಮಣ್ಣು ಏರಿಸಿ, ಮಳೆಗೆ ಕೊಚ್ಚಿ ಹೋಗದ ಹಾಗೆ ನಮ್ಮ ಗೋಡೆಗೆ ಆನಿಸಿ ದಿಬ್ಬ ಕಟ್ಟಿದ್ದರು. ದಿಬ್ಬದ ಕೆಳಗೆ ಎಲ್ಲೋ ಕಾಕ ಕಟ್ಟಿಸಿದ ಕಲ್ಲಿನ ಚರಂಡಿ ಇತ್ತು. ಅದರ ಬಾಯಿ ಪೂರ್ತಿ ಮುಚ್ಚಿಹೋಗಿತ್ತು. ಬರೆಯಿಂದ ಇಳಿದ ನೀರೆಲ್ಲ ದಿಬ್ಬದ ಹಿಂದೆ ಕೆರೆ ಹಾಗೆ ನಿಂತು, ನಿಂತು, ಇನ್ನೆಲ್ಲಿಗೆ ಹೋಗಬೇಕು? ನಮ್ಮ ಬೀರುವಿನ ಒಳಗೆ.

"ಅತ್ತೆ, ಇದು ತೆಗೀಬೇಕು."

"ಎಂತ?"

"ಕೆಸು."

"ಹುಚ್ಚಾ ನಿಂಗೆ? ನಮ್ಮ ಊರಲ್ಲಿ ಎಲ್ಲರ ಮನೆ ಹಿಂದೆಯೂ ಕೆಸ ಉಟ್ಟು. ಯಾರಿಗೆ ದಮ್ಮು ಬಂದುಟು?"

"ನಿಮ್ಮೂರಲ್ಲಿ ಗೋಡೆಗೆ ಆನಿಸಿ ನೆಡ್ತಾರಾ?"

"ಅಲ್ಲಿ ಜಾಗ ಬೇಕಷ್ಟು ಉಟ್ಟು. ಇಲ್ಲಿ ಈ ಕಾಕ ಕೊಟ್ಟದ್ದು ಇಷ್ಟೇ ಜಾಗ, ನಾನು ಎಲ್ಲಿ ನೆಡಲಿ, ತಲೆ ಮೇಲಾ?"

ವಾದ ಮಾಡೋಕೆ ನನಗೆ ಶಕ್ತಿ ಇರಲಿಲ್ಲ. ಕೈಗೆ ಸಿಕ್ಕ ಮೊದಲ ಗಿಡದ ಬುಡ ಹಿಡಿದು ಎಳೆದೆ. ಪಚಕ್ ಅಂತ ಬಂತು. ಗೆಡ್ಡೆ ಇದ್ದ ಗುಂಡಿಯಲ್ಲಿ ನಾವು ನೋಡ್ತಾ ನೋಡ್ತಾ ನೀರು ಬಾವಿ ಹಾಗೆ ಮೇಲಕ್ಕೆ ಬಂದು ನಿಂತಿತು. ಒಳಗೆ ಕೋಣೆಯಲ್ಲಿ ಮಗಳು ಎದ್ದು ಕೆಮ್ಮೋಕೆ ಶುರು ಮಾಡಿದಳು. ಗೋಡೆಯ ಆಚೆಗೆ, ನಮ್ಮ ಮೊಣಕಾಲಿನ ಎತ್ತರದಲ್ಲಿ. ಕೆಮ್ಮು ಮುಗಿದ ಮೇಲಿನ ಆ ಕುಂಯ್ ಕೂಡ ಕೇಳಿಸಿತು.

ಅತ್ತೆ ಗುಂಡಿಯನ್ನು ನೋಡಿದರು. ಗೋಡೆಯನ್ನು ನೋಡಿದರು.

"ಗುದ್ದಲಿ ತಾ," ಅಂದರು. "ತಂದು ಕೊಟ್ಟು ನೀ ಒಳಗೆ ಹೋಗು. ಮುಟ್ಟಿದ್ರೆ ನೋಡು."

ಒಬ್ಬರೇ ತೆಗೆದರು. ಅವರಿಗೆ ಆಗಲೇ ಮಂಡಿ ನೋವು. ನಾನು ಅಡಿಗೆಮನೆ ಕಿಟಕಿಯಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದೆ. ಅಲ್ಲಿಂದ ಕಾಣ್ತಿದ್ದದ್ದು ಗೊರಬೆ ಮೇಲೇಳೋದು, ಕೆಳಗಾಗೋದು ಮಾತ್ರ. ಗಿಡ ಕೀಳುವಾಗೆಲ್ಲ ಬೈಗುಳ. ಮಳೆಗೆ ಒಂದು, ಕಾಕನಿಗೆ ಒಂದು, ಸಂಬಂಧ ಕೂಡಿಸಿದ ಹಿರಿಯರಿಗೆ ಒಂದು, ನನಗೆ ಬೇಕಾದಷ್ಟು. ನಡುವೆ ಬರೆಯಿಂದ ಒಂದು ಹೆಂಟೆ ಮಣ್ಣು ಧೊಪ್ ಅಂತ ಬಿತ್ತು. "ಅತ್ತೇ, ಬಿಟ್ಟು ಬನ್ನಿ!" ಅಂತ ಕೂಗಿದೆ.

"ಬರೆ ನಾನು ಮುಟ್ಟಲಿಲ್ಲೆ, ಅದೇ ನನ್ನ ಮುಟ್ಟೋಕೆ ಬಂದದ್ದು," ಅಂತ ಸಂದಿಯೊಳಗಿನಿಂದ ಉತ್ತರ. ಅಷ್ಟು ಬೈಯ್ಯುವವರಿಗೆ ಪೆಟ್ಟಾಗಿಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ಬೈಗುಳ ನಿಂತಿತು. ಬದಲಿಗೆ ಬೇರೆ ಸದ್ದು. ಮೊದಲು ಗೊರಗೊರ, ಆಮೇಲೆ ಒಂದೇ ಸಮ ಜುಳುಜುಳು. ಚರಂಡಿಯ ಬಾಯಿ ಬಿಟ್ಟಿತ್ತು. ಕಿಟಕಿ ಕೆಳಗೆ ಕೆಂಪು ನೀರು ನುಗ್ಗಿಕೊಂಡು ಇಳಿಜಾರಿನ ಕಡೆ ಓಡಿತು. ಆ ಸದ್ದು ನಾನು ಈಗಲೂ ಮರೆತಿಲ್ಲ.

ಅತ್ತೆ ಒಳಗೆ ಬಂದರು. ಕಾಲಿಗೆ ಜಿಗಣೆ ಕಚ್ಚಿತ್ತು, ಸುಣ್ಣ ಹಚ್ಚಿ ಬಿಡಿಸಿದೆ. ಬಿಸಿನೀರು ಹೊಯ್ದೆ. ಮೊದಲನೇ ಸಲ ಅವರ ಬೆನ್ನು ಉಜ್ಜಿದ್ದು ನಾನು ಅವತ್ತೇ.

"ಕೆಸ ಎಷ್ಟು ಚೆನ್ನಾಗಿತ್ತು," ಅಂದರು.

"ಹೂಂ."

"ನೀ ಎಲೆ ತಿಂತಿದ್ಯಲ್ಲ, ಒಂದು ದಿನವಾದರೂ ಚೆನ್ನಾಗುಟು ಅಂದ್ಯಾ?"

"ಗಂಟಲು ಕೆರೀತಿತ್ತು ಅತ್ತೆ."

ಚೊಂಬಿನಲ್ಲಿದ್ದ ನೀರನ್ನು ನನ್ನ ಮುಖಕ್ಕೆ ಎರಚಿದರು. ಅಲ್ಲಿಗೆ ಕೆಸುವಿನ ಲೆಕ್ಕ ಮುಗಿಯಿತು. ಕಿತ್ತ ಎಲೆಯನ್ನು ಬಿಸಾಡೋಕೆ ಅವರಿಗೆ ಮನಸ್ಸಾಗಲಿಲ್ಲ, ಆ ವಾರ ಪೂರ್ತಿ ಮೂರು ಹೊತ್ತೂ ಅದೇ ಪಲ್ಯ. ನಾನು ಕೆರೆಯೋ ಗಂಟಲಲ್ಲೇ ಉಂಡೆ.

ಮುಂದಿನ ರಜಾ ದಿನ ನಮ್ಮೆಜಮಾನರು ಸಂದಿಗೆ ಇಳಿದು ಉಳಿದ ಮಣ್ಣು ಎತ್ತಿಹಾಕಿ ಚರಂಡಿ ಪೂರ್ತಿ ಬಿಡಿಸಿದರು. ಕಾಕ ಬಂದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡು, "ಉಮ್ಮಾ, ನೀವು ಎಂತ ಪಣಿ ಮಾಡಿದಿರಿ," ಅಂದರು. ಪಣಿ ಅಂದರೆ ಕೆಲಸ. ಬೈದದ್ದೋ ಹೊಗಳಿದ್ದೋ ಅತ್ತೆ ಕೇಳೋಕೆ ಹೋಗಲಿಲ್ಲ. ಆಮೇಲೆ ಕಾಕ ತಾವೇ ಸುಣ್ಣದ ಕಲ್ಲು ಕಳಿಸಿದರು.

ಬೀರುವಿನ ಬಾಗಿಲು ಕಳಚಿ ಇಟ್ಟೆವು. ಹಗಲು ಹೊತ್ತು ಮಗಳನ್ನು ಮುಂದಿನ ಕೋಣೆಯಲ್ಲಿ ಅತ್ತೆ ಜೊತೆ ಆಡೋಕೆ ಬಿಟ್ಟು, ನಾನು ಒಲೆಯಿಂದ ಕೆಂಡ ತೆಗೆದು ಕಬ್ಬಿಣದ ಬಾಣಲೆಯಲ್ಲಿ ಹಾಕಿ ಬೀರುವಿನ ಬುಡದಲ್ಲಿ ಇಡ್ತಿದ್ದೆ. ಆರಿದರೆ ಮತ್ತೆ. ಮೊದಲು ಗೋಡೆ ಹಬೆ ಬಿಟ್ಟಿತು. ಆಮೇಲೆ ಬರೀ ಬೆಚ್ಚಗಾಯಿತು. ಸಂಜೆ ಕೆಂಡ ತೆಗೆದು ಒಂದು ಮಡಕೆಯಲ್ಲಿ ಸುಣ್ಣದ ಕಲ್ಲು ತುಂಬಿ ಇಡೋದು. ಅದು ತೇವ ಕುಡಿದು ತಾನೇ ಬಿರಿದು ಪುಡಿಯಾಗ್ತಿತ್ತು. ಪುಡಿಯಾಗೋಕೆ ಮೊದಮೊದಲು ಒಂದು ದಿನ ಸಾಕಿತ್ತು. ಆಮೇಲೆ ಹಾಗೇ ಕಲ್ಲಾಗಿಯೇ ಇರೋಕೆ ಶುರುವಾಯಿತು. ಆಗ ಗೋಡೆ ಕೆರೆದು ಸುಣ್ಣ ಬಳಿದೆ. ನೇರಳೆ ಮಾತ್ರ ಅಡಿಯಿಂದ ಇಣುಕುತ್ತಿತ್ತು. ಇಣುಕಲಿ ಅಂತ ಬಿಟ್ಟೆ.

ಮಗಳ ಎದೆ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಒಂದು ದಿನ ಕಮ್ಮಿ, ಒಂದು ದಿನ ಜಾಸ್ತಿ. ಡಾಕ್ಟರ ಔಷಧಿಯೂ ನಡೀತಿತ್ತು. ಗೌರಿ ಹಬ್ಬ ಹತ್ತಿರ ಬರ್ತಾ ಬರ್ತಾ ನಾನು ಅವಳ ಎದೆಗೆ ಕಿವಿ ಇಡೋದು ಬಿಟ್ಟುಬಿಟ್ಟೆ, ಹೆದರಿ.

ಅಣ್ಣ ಬಂದ. ಬಾಗಿನದ ಮೊರ, ಅವ್ವ ಕಳಿಸಿದ ಬೆಲ್ಲ, ಅವರೆಕಾಳು, ಮತ್ತೆ ಕಂಕುಳಲ್ಲಿ ಒಂದು ಸಣ್ಣ ಕಂಬಳಿ. ನಮ್ಮೂರಿನ ಕುರಿ ಉಣ್ಣೆಯದು, ಮಗು ಸುತ್ತೋ ಅಷ್ಟೇ ಅಳತೆಗೆ ನೇಯಿಸಿದ್ದು. ಅದನ್ನು ನೋಡಿದ ಕೂಡಲೇ ನಾನು ಅಡಿಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ.

"ಎಲ್ಲವ್ವ, ನನ್ನ ಜೊತೆ ಬರೋ ದೊಡ್ಡಮನುಷ್ಯಳು?" ಅಂದ ಅಣ್ಣ.

ಮಗಳು ಓಡಿ ಹೋಗಿ ಅವನ ಕಾಲಿಗೆ ಡಿಕ್ಕಿ ಹೊಡೆದಳು. ಎತ್ತಿಕೊಂಡು ಎದೆಗೆ ಕಿವಿ ಇಟ್ಟ. "ಏನೂ ಇಲ್ವಲ್ಲ ಭಾವ, ಚೆನ್ನಾಗಿದ್ದಾಳೆ."

"ಈಗ ಇಲ್ಲ," ಅಂದರು ನಮ್ಮೆಜಮಾನರು. "ಮಲಗಿದಾಗ ಬರೋದು. ಮಳೆ ಇನ್ನೂ ಇದೆ. ಕಳಿಸೋದೇ ಒಳ್ಳೇದು ಅನ್ಸುತ್ತೆ."

ನಾನು ಏನಾದರೂ ಹೇಳೋಕೆ ಮುಂಚೆ ಅತ್ತೆ ಮಾತಾಡಿದರು. "ಇವತ್ತು ಅವನು ಮಗುವಿನ ಪಕ್ಕ ಮಲಗಲಿ. ಆ ಕೋಣೇಲೇ, ಆ ಬೀರು ಹತ್ತಿರವೇ. ಬೆಳಿಗ್ಗೆ ಅವನು ಎಂತ ಹೇಳ್ತಾನೋ ಅದು. ನಾವು ಯಾರೂ ಬಾಯಿ ಹಾಕೋದು ಬೇಡ. ನೀನೂ ಸೇರಿ ಮಗ."

ಹಾಗೇ ಆಯಿತು. ಬೆಳಿಗ್ಗೆ ನಾನು ಒಲೆ ಹಚ್ಚಿ ಬೆನ್ನು ಹಾಕಿ ಕೂತಿದ್ದೆ. ಅಣ್ಣ ಕಣ್ಣುಜ್ಜಿಕೊಂಡು ಬಂದು ಹೊಸ್ತಿಲಲ್ಲಿ ಕೂತ.

"ನಿದ್ದೆ ಬಂತೇನೋ?" ಅಂತ ಕೇಳಿದೆ.

"ಎಲ್ಲಿಂದ ಬರುತ್ತೆ? ರಾತ್ರಿಯೆಲ್ಲ ಗೊರಗೊರ ಅಂತ ಸದ್ದು."

ಕೈಯಲ್ಲಿದ್ದ ಊದುಗೊಳವೆ ಕೆಳಗಿಟ್ಟೆ.

"ಮಗೂದಲ್ಲ ಕಣವ್ವ," ಅಂತ ಬಾಗಿಲ ಕಡೆ ನೋಡಿ ಸಣ್ಣಗೆ ಹೇಳಿದ, "ಮುಂದಿನ ಕೋಣೆಯಿಂದ ನಿಮ್ಮತ್ತೇದು. ಮಗು ಉಸಿರಾಡ್ತಿದೆಯೋ ಇಲ್ವೋ ಅಂತ ನಾನೇ ಎರಡು ಸಲ ಮೂಗಿನ ಹತ್ತಿರ ಕೈ ಇಟ್ಟು ನೋಡಿದೆ, ಅಷ್ಟು ಸದ್ದಿಲ್ಲ. ಕಂಬಳಿ ಇಲ್ಲೇ ಇರಲಿ. ಅವಳನ್ನ ಕರ್ಕೊಂಡು ಹೋಗಿ ನಾನೇನು ಮಾಡಲಿ?"

ಒಳಗಿನಿಂದ ನಮ್ಮೆಜಮಾನರು, "ಸರಿ ಹಾಗಾದ್ರೆ," ಅಂದರು. ಅವರ ದನಿಯಲ್ಲೂ ಭಾರ ಇಳಿದ ಹಾಗಿತ್ತು.

ಅಣ್ಣ ಹೊರಡುವಾಗ ಅತ್ತೆ ಒಂದು ಚೀಲ ತಂದು ಅವನ ಕೈಗೆ ಕೊಟ್ಟರು. ಬಿಚ್ಚಿದರೆ ಕೆಸುವಿನ ಗೆಡ್ಡೆ, ಮಣ್ಣು ಒರೆಸಿ ಬೂದಿ ಹಚ್ಚಿ ಜೋಪಾನ ಮಾಡಿದ್ದು.

"ನಮ್ಮ ಕಡೆ ಇದಕ್ಕೆ ಮಳೆ ಸಾಲಲ್ಲ ಅತ್ತೆಮ್ಮ," ಅಂದ ಅಣ್ಣ.

"ಬಚ್ಚಲ ನೀರು ಬಿಡು, ಬರ್ತದೆ," ಅಂದರು. ಚೀಲದ ಬಾಯಿ ಕಟ್ಟುತ್ತಾ, "ಗೋಡೆಗೆ ಆನಿಸಿ ಮಾತ್ರ ನೆಡಬೇಡ," ಅಂದರು. ನನ್ನ ಕಡೆ ನೋಡಲಿಲ್ಲ.

ಅಣ್ಣನನ್ನು ಬಸ್ಸಿಗೆ ಬಿಡೋಕೆ ನಮ್ಮೆಜಮಾನರು ಹೋದರು. ಮಗಳು ಅತ್ತೆಯ ಸೊಂಟದ ಮೇಲೆ ಕೂತು ಕೈ ಬೀಸಿದಳು. ನಾನು ಕೋಣೆಗೆ ಹೋಗಿ ಕಂಬಳಿ ಮಡಚಿ ಬೀರುವಿನ ಕೆಳಗಿನ ಹಲಗೆ ಮೇಲಿಟ್ಟೆ. ಕೈಯಲ್ಲಿ ಗೋಡೆ ಮುಟ್ಟಿ ನೋಡಿದೆ, ಒಣಗಿತ್ತು. ಅಲ್ಲೇ ಚಾಪೆ ಮೇಲೆ ಸ್ವಲ್ಪ ಬೆನ್ನು ಚಾಚಿದೆ. ಎಚ್ಚರ ಆದಾಗ ಮಧ್ಯಾಹ್ನದ ಊಟದ ಹೊತ್ತೂ ಮೀರಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡ್ತಿದ್ದರು.

"ಜ್ವರ ಬಂತಾ ಗೂಡೆ?"

"ಇಲ್ಲ ಅತ್ತೆ, ನಿದ್ದೆ ಬಂತು."

"ಹಾಗಾದ್ರೆ ಮಲಗು. ಅನ್ನ ನಾನು ಬಸಿದಾಯ್ತು," ಅಂತ ಹೇಳಿ ಹೋದರು. ನಾನು ಮತ್ತೆ ಕಣ್ಣು ಮುಚ್ಚಿದೆ. ಗೋಡೆಯ ಆಚೆ ಚರಂಡಿಯಲ್ಲಿ ನೀರು ತನ್ನ ಪಾಡಿಗೆ ಹೋಗ್ತಿತ್ತು.